ತಿಂಗಳಿಗೊಂದು ಸುತ್ತು

ಹಸುಗೂಸಿಗೆ ಬಜೆ ತೇದು ನೆಕ್ಕಿಸುವ ವಿದ್ಯೆಯಲ್ಲಿ ಸಾಕಮ್ಮನನ್ನು ಮೀರಿಸುವವರು ಕೆನ್ಮೋರ್‌ನಿಂದ ಮಿಲ್ ಕ್ರೀಕ್‌ವರೆಗೆ ಯಾರೂ ಇರಲಿಲ್ಲ. ಇದನ್ನು ಅವಳೇ ಹೇಳಿಕೊಳ್ಳುತ್ತಿದ್ದಳು, ಅದು ನಿಜವೂ ಆಗಿತ್ತು. ಒಣಗಿದ ಬಜೆಯ ಬೇರನ್ನು ಹರಳೆಣ್ಣೆಯ ದೀಪಕ್ಕೆ ಹಿಡಿದು ಕಪ್ಪಗೆ ಸುಡಬೇಕು. ಮಗುವಿಗೆ ನೀರೆರೆದು, ಸಾಂಬ್ರಾಣಿ ಹೊಗೆ ಕೊಟ್ಟಾದ ಮೇಲೆ ಸಾಣೆಕಲ್ಲಿನ ಮೇಲೆ ಎರಡು ತೊಟ್ಟು ಎದೆಹಾಲು ಬಿಟ್ಟು ತೇಯಬೇಕು. ಒಂದು ತಿಂಗಳ ಕೂಸಿಗೆ ಒಂದು ಸುತ್ತು, ಎರಡು ತಿಂಗಳಿಗೆ ಎರಡು, ಹೀಗೆ ತಿಂಗಳಿಗೊಂದು ಸುತ್ತು ಹೆಚ್ಚಿಸುತ್ತ ಹೋಗಬೇಕು. ಬೆರಳಿನಲ್ಲಿ ಬಳಿದು ನಾಲಿಗೆಗೆ ಸವರಬೇಕು. ವರ್ಷ ತುಂಬುವವರೆಗೆ ಒಂದು ದಿನವೂ ತಪ್ಪಿಸಕೂಡದು. ಮಾತು ಬೇಗ ಬರುತ್ತದೆ, ಹೊಟ್ಟೆನೋವು ಹತ್ತಿರ ಸುಳಿಯುವುದಿಲ್ಲ. ಸಾಂಬ್ರಾಣಿ ಹಾಕಿದಾಗಲೆಲ್ಲ ಮನೆಯ ಹೊಗೆ ಅಲಾರಂ ಬಡಿದುಕೊಳ್ಳುತ್ತಿತ್ತು. ಅಳಿಯ ಶರತ್ ಪಾಪ, ಟವೆಲ್ ಹಿಡಿದು ಅದರ ಕೆಳಗೆ ಗಾಳಿ ಬೀಸುತ್ತ ನಿಲ್ಲುತ್ತಿದ್ದ.

ಸಾಕಮ್ಮ ತಿರುಮಕೂಡಲು ನರಸೀಪುರದ ಕಡೆಯವಳು. ಗಂಡ ನಂಜುಂಡಸ್ವಾಮಿ ತೀರಿಕೊಂಡು ಮೂರು ವರ್ಷವಾಗಿತ್ತು. ಮಗಳು ಅನುಶ್ರೀಯ ಬಾಣಂತನಕ್ಕೆಂದು ಅಮೆರಿಕದ ಕೆನ್ಮೋರ್‌ಗೆ ಬಂದವಳು, ಮೊಮ್ಮಗ ಅಖಿಲನಿಗೆ ವರ್ಷ ತುಂಬಿದರೂ ಇಲ್ಲೇ ಇದ್ದಳು. ಅವಳ ತಾಯಿಯ ಕಾಲದಲ್ಲಿ ಹೆಣ್ಣು ಕೊಟ್ಟ ಮನೆಯಲ್ಲಿ ನೀರು ಕುಡಿಯುವುದಕ್ಕೂ ಜನ ಹಿಂದೆಮುಂದೆ ನೋಡುತ್ತಿದ್ದರು. ಇವಳು ವರ್ಷದಿಂದ ಅಳಿಯನ ಮನೆಯ ಅನ್ನ ಉಣ್ಣುತ್ತಿದ್ದಳು. ಶರತ್ ಒಂದು ದಿನವೂ ಮುಖ ಗಂಟಿಕ್ಕಿದವನಲ್ಲ. ಆದರೂ ಸಂಕೋಚ ಸಂಕೋಚವೇ. ಕಾರು ಓಡಿಸಲು ಬಾರದು, ಇಂಗ್ಲಿಷ್ ಬಾರದು, ಬಾಗಿಲು ತೆರೆದು ಹೊರಟರೆ ಎತ್ತ ಹೋಗಬೇಕೆಂದೂ ತಿಳಿಯದು. ಆ ಮನೆಯಲ್ಲಿ ಅವಳು ದನಿ ಎತ್ತಿ ಮಾತಾಡುತ್ತಿದ್ದುದು ಬಜೆಯ ವಿಷಯವೊಂದರಲ್ಲೇ.

ಊರಿನಿಂದ ತಂದ ಬಜೆ, ಅಖಿಲನಿಗೆ ನಾಲ್ಕು ತಿಂಗಳಾಗುವ ಹೊತ್ತಿಗೆ ತೇದು ತೇದು ಉಗುರಿನಷ್ಟು ಉಳಿದಿತ್ತು. ಆಗಲೇ ಒಂದು ದಿನ ಹಿತ್ತಲಿನ ಮೂಲೆಯಲ್ಲಿ, ಹಳೆಯ ಮರದ ಶೆಡ್ಡಿನ ಹಿಂದೆ, ಸದಾ ನೀರು ನಿಲ್ಲುವ ತಗ್ಗಿನಲ್ಲಿ, ಕತ್ತಿಯಂಥ ಹಸಿರು ಎಲೆಗಳು ಮೇಲೆದ್ದಿದ್ದು ಕಂಡಿತು. ಒಂದು ಎಲೆ ಮುರಿದು ಮೂಗಿಗೆ ಹಿಡಿದಳು. ಬಜೆಯೇ! ಮೊದಲಿದ್ದ ಮನೆಯವರು ಚಂದಕ್ಕೆಂದು ನೆಟ್ಟಿದ್ದರಂತೆ. ಸಾಕಮ್ಮ ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಆ ಕೆಸರಿನಲ್ಲಿ ಕೂತು, ಹೆಬ್ಬೆರಳು ಗಾತ್ರದ ಬೇರುಗಳನ್ನು ಒಂದು ಮೊರದ ತುಂಬ ಕಿತ್ತು ತಂದಳು. ದೇವರೇ ಇಟ್ಟುಕೊಟ್ಟಿದ್ದಾನೆ ಅಂದಳು. ಆ ವರ್ಷ ಅವಳಿಗೆ ಇಷ್ಟು ಸಂತೋಷವಾದ ದಿನ ಇನ್ನೊಂದಿರಲಿಲ್ಲ.

ಅದರಲ್ಲಿ ಅರ್ಧ ಹೋಗಿದ್ದು ಮಿಲ್ ಕ್ರೀಕ್‌ನ ಗುಲ್ಶನ್‌ಗೆ. ಗುಲ್ಶನ್ ಮೈಸೂರಿನ ಹುಡುಗಿ. ಅವಳ ಗಂಡ ಅಹ್ಸಾನ್ ಮತ್ತು ಶರತ್ ಒಂದೇ ಆಫೀಸು, ಒಂದೇ ಟೀಮು. ಜೂನ್‌ನಲ್ಲಿ ಅವಳಿಗೆ ಹೆಣ್ಣುಮಗು ಹುಟ್ಟಿತು, ಆಯತ್ ಎಂದು ಹೆಸರಿಟ್ಟರು. ಗುಲ್ಶನ್‌ಳ ತಾಯಿ ಎರಡು ಸಲ ಅರ್ಜಿ ಹಾಕಿದರೂ ವೀಸಾ ಸಿಗಲಿಲ್ಲ. ಸಾಕಮ್ಮನೇ ನಲವತ್ತು ದಿನ ದಿನಾ ಹೋಗಿ ಬಾಣಂತನ ಮಾಡಿದಳು. ಬೆಳಿಗ್ಗೆ ಅಹ್ಸಾನ್ ಬಂದು ಕರೆದೊಯ್ಯುತ್ತಿದ್ದ, ಸಂಜೆ ತಂದುಬಿಡುತ್ತಿದ್ದ. ಗುಲ್ಶನ್ ಅವಳನ್ನು ಆಂಟಿ ಎನ್ನುತ್ತಿದ್ದವಳು ಎರಡನೇ ವಾರಕ್ಕೆ ಅಮ್ಮ ಎನ್ನತೊಡಗಿದಳು. ನಲವತ್ತನೆಯ ದಿನ ಬಜೆಯ ಬೇರು, ಇನ್ನೊಂದು ಸಾಣೆಕಲ್ಲು ಎರಡನ್ನೂ ಕೈಗಿಟ್ಟು, ಒಂದು ದಿನಾನೂ ಬಿಡಬಾರದು ಎಂದು ಆಣೆ ಹಾಕಿಸಿಕೊಂಡು ಬಂದಳು. ಅಂದಿನಿಂದ ಪ್ರತಿದಿನ ಬೆಳಿಗ್ಗೆ ಒಂಬತ್ತಕ್ಕೆ ಸಾಕಮ್ಮನ ಫೋನಿಗೆ ಒಂದು ವಿಡಿಯೋ ಬರುತ್ತಿತ್ತು. ಎರೆದುಕೊಂಡು ಕೆಂಪಗಾದ ಆಯತ್, ಮುಖ ಕಿವುಚಿ, ಕಪ್ಪು ಚುಕ್ಕೆ ಹತ್ತಿದ ನಾಲಿಗೆಯನ್ನು ಚಾಚುವುದು. ಸಾಕಮ್ಮ ಅದಕ್ಕೆ ಧ್ವನಿಯಲ್ಲಿ ಉತ್ತರ ಕಳಿಸುತ್ತಿದ್ದಳು: ನೂರ್ಕಾಲ ಬಾಳು ನನ್ನ ಚಿನ್ನ.

ನವೆಂಬರ್‌ನಲ್ಲಿ ಅಖಿಲನಿಗೆ ವರ್ಷವಾಯಿತು. ಬಜೆ ನಿಲ್ಲಿಸಿದರು, ಕೇಕು ಕತ್ತರಿಸಿದರು, ವರ್ಷದ ಚೆಕಪ್‌ಗೆ ಕರೆದೊಯ್ದರು. ರಕ್ತದಲ್ಲಿ ಸೀಸ ಇದೆ ಎಂದು ಡಾಕ್ಟರು ಹೇಳಿದರು. ಅದರ ಅಂಕಿ ಮೂರೂವರೆ ದಾಟಿದರೆ ವಿಚಾರಿಸುತ್ತಾರೆ, ಅಖಿಲನದು ಹನ್ನೆರಡಿತ್ತು. ಮತ್ತೆ ತೋಳಿನಿಂದ ರಕ್ತ ತೆಗೆದು ನೋಡಿದರೂ ಹನ್ನೆರಡೇ. ಮಿದುಳು ಬೆಳೆಯುವ ವಯಸ್ಸಿನಲ್ಲಿ ಸೀಸ ಒಳ್ಳೆಯದಲ್ಲ, ಎಲ್ಲಿಂದ ಬರುತ್ತಿದೆ ಎಂದು ಕಂಡುಹಿಡಿಯಲು ಕೌಂಟಿಯ ಆರೋಗ್ಯ ಇಲಾಖೆಯಿಂದ ನರ್ಸ್ ಒಬ್ಬರು ಮಂಗಳವಾರ ಮನೆಗೆ ಬರುತ್ತಾರೆ ಎಂದರು. ಅನುಶ್ರೀ ಎರಡು ದಿನ ಮಗುವನ್ನು ಕೆಳಗಿಳಿಸಲಿಲ್ಲ.

ಸೋಮವಾರ ಊಟದ ಹೊತ್ತಿನಲ್ಲಿ ಶರತ್ ಮಾತು ತೆಗೆದ. ಹಳೆಯ ಬಣ್ಣದಿಂದಲೋ ಕೊಳಾಯಿಯಿಂದಲೋ ಬಂದಿರುತ್ತದೆ, ನಾಳೆ ಗೊತ್ತಾಗುತ್ತದೆ ಎಂದ. ಆಮೇಲೆ ತಟ್ಟೆ ನೋಡುತ್ತ ಹೇಳಿದ, “ಅತ್ತೆ, ಬಜೆ ವಿಷಯ ಮಾತ್ರ ಎತ್ತಬೇಡಿ. ನಾಟಿ ಔಷಧಿ ಅಂದ್ರೆ ಇಲ್ಲಿ ಬೇರೆ ಥರ ಬರ್ಕೋತಾರೆ. ಸರ್ಕಾರದವರು ಮಗೂನ ಕರ್ಕೊಂಡು ಹೋಗ್ಬಿಟ್ರೆ ನಾವೇನು ಮಾಡೋಣ?” ಪಕ್ಕದೂರು ಶೋರ್‌ಲೈನ್‌ನಲ್ಲಿ ಯಾರದೋ ಮನೆಯಲ್ಲಿ ಹಾಗಾಯಿತಂತೆ. ಯಾರ ಮನೆ ಎಂದು ಅನುಶ್ರೀ ಕೇಳಿದಳು. ಹೆಸರು ಅವನಿಗೂ ಗೊತ್ತಿರಲಿಲ್ಲ, ಅವನಿಗೆ ಹೇಳಿದವನಿಗೂ ಗೊತ್ತಿರಲಿಲ್ಲ. ಆದರೆ ಅಷ್ಟು ಕೇಳಿದ್ದೇ ಅನುಶ್ರೀಯ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಸಾಕಮ್ಮ ಆಗಲಿ ಅಂದಳು. ಬಜೆಯಲ್ಲಿ ತಪ್ಪೇನೂ ಇಲ್ಲವೆಂದು ಅವಳಿಗೆ ಖಾತ್ರಿಯಿತ್ತು. ಕಿತ್ತು ಏಳು ನೀರಿನಲ್ಲಿ ತೊಳೆದದ್ದು, ಒಣಗಿಸಿದ್ದು, ಅದರ ಮೇಲೆ ಬೆಂಕಿಯಲ್ಲಿ ಸುಟ್ಟದ್ದು. ಯಾವ ವಿಷವಿದ್ದರೂ ಬೆಂಕಿಗೆ ಉಳಿಯುವುದುಂಟೆ?

ನರ್ಸ್ ಬೆಳ್ಳಿಕೂದಲಿನ ಹೆಂಗಸು. ಹೇಳುವ ಮೊದಲೇ ಬಾಗಿಲಲ್ಲಿ ಬೂಟು ಬಿಚ್ಚಿಟ್ಟಳು; ಅದನ್ನು ಕಂಡು ಸಾಕಮ್ಮನಿಗೆ ಅವಳ ಮೇಲೆ ಗೌರವ ಬಂತು. ತಾನೇ ತರ್ಜುಮೆ ಮಾಡುತ್ತೇನೆಂದು ಶರತ್ ಹೊರಟ. ಬೇಡ, ಮಗುವನ್ನು ನೋಡಿಕೊಳ್ಳುವವರ ಮಾತು ನೇರವಾಗಿ ಕೇಳುವುದು ನಮ್ಮ ನಿಯಮ ಎಂದು ಅವಳು ನಗುತ್ತಲೇ ಫೋನ್ ಮಾಡಿ ಮೇಜಿನ ಮೇಲಿಟ್ಟಳು. “ಕನ್ನಡ” ಎಂದಿಷ್ಟೇ ಅಂದಳು. ಎಲ್ಲಿಂದಲೋ ಒಬ್ಬ ಹೆಂಗಸಿನ ದನಿ ಬಂತು. “ನಮಸ್ಕಾರ ಅಮ್ಮ. ನಾನು ನಿಮ್ಮ ದುಭಾಷಿ. ನೀವು ಹೇಳಿದ್ದನ್ನ ಹಾಗೇ ಇಂಗ್ಲಿಷ್‌ನಲ್ಲಿ ಹೇಳ್ತೀನಿ. ಏನೂ ಬಿಡಲ್ಲ, ಏನೂ ಸೇರಿಸಲ್ಲ.” ಹಾಸನದ ಕಡೆಯ ಮಾತಿನಂತಿತ್ತು. ವರ್ಷದಲ್ಲಿ ಮೊದಲ ಸಲ ಒಬ್ಬ ಬಿಳಿಯ ಹೆಂಗಸು ಸಾಕಮ್ಮನನ್ನೇ ನೋಡಿ ಮಾತಾಡಿ, ಸಾಕಮ್ಮನ ಉತ್ತರಕ್ಕಾಗಿ ಕಾಯ್ದಳು.

ನರ್ಸಿನ ಬಳಿ ಡ್ರಿಲ್ ಮೆಷಿನ್ನಿನಂಥ ಒಂದು ಯಂತ್ರವಿತ್ತು. ಇಟ್ಟ ಕಡೆ ಸೀಸವೆಷ್ಟಿದೆ ಎಂದು ಅದು ಅಂಕಿಯಲ್ಲಿ ತೋರಿಸುತ್ತಿತ್ತು. ಕಿಟಕಿ, ಬಾಗಿಲು, ಕುಂಕುಮ, ಕಾಡಿಗೆ, ಅರಿಶಿನದ ಡಬ್ಬಿ, ಮಗುವಿಗೆ ಹಾಲು ಕುಡಿಸುವ ಬೆಳ್ಳಿಯ ಒಳಲೆ, ಎಲ್ಲಕ್ಕೂ ಹಿಡಿದಳು. ಯಾವುದರಲ್ಲೂ ಏನೂ ಇರಲಿಲ್ಲ. ಆಮೇಲೆ ಹಿತ್ತಲಿಗೆ ಬಂದರು. ಎರಡು ಮುದಿ ಸೇಬಿನ ಮರಗಳ ಬುಡದಲ್ಲಿ ಅಂಕಿ ಏರಿತು. ಶೆಡ್ಡಿನ ಹಿಂದಿನ ತಗ್ಗಿಗೆ ಹೋದಾಗ ನರ್ಸ್ ಯಂತ್ರವನ್ನು ತೆಗೆದು, ಒರೆಸಿ, ಮತ್ತೆ ಇಟ್ಟು ನೋಡಿದಳು.

ಇದೆಲ್ಲ ಹಿಂದೆ ಸೇಬಿನ ತೋಟವಂತೆ. ಎಂಬತ್ತು ವರ್ಷದ ಕೆಳಗೆ ಹುಳು ಬೀಳದಿರಲೆಂದು ಒಂದು ಪುಡಿ ಸಿಂಪಡಿಸುತ್ತಿದ್ದರಂತೆ. ಅದರಲ್ಲಿದ್ದದ್ದು ಸೀಸ, ಇನ್ನೊಂದು ಆರ್ಸೆನಿಕ್. ದುಭಾಷಿ ಒಂದು ಕ್ಷಣ ತಡೆದು, ಪಾಷಾಣ ಅಂತಾರಲ್ಲ ಅಮ್ಮ, ಅದು ಎಂದಳು. ಈ ಮೂಲೆಯಲ್ಲಿ ಪುಡಿ ಕಲಸಿ ಪಂಪು ತೊಳೆಯುತ್ತಿದ್ದಿರಬೇಕು. ಲೋಹ ಕೊಳೆಯುವುದಿಲ್ಲ, ಮಳೆಗೆ ಕೊಚ್ಚಿಹೋಗುವುದಿಲ್ಲ, ಹಾಕಿದಲ್ಲೇ ಕೂತಿರುತ್ತದೆ. ಇಂಥ ಮಣ್ಣಿನಲ್ಲಿ ಬೆಳೆದ ಗೆಡ್ಡೆಯೂ ಅದನ್ನು ಎಳೆದುಕೊಂಡು ಒಳಗಿಟ್ಟುಕೊಳ್ಳುತ್ತದೆ, ತೊಳೆದರೆ ಹೋಗುವುದಿಲ್ಲ.

“ಬೆಂಕಿಲಿ ಸುಟ್ರೆ?” ಎಂದು ಸಾಕಮ್ಮ ಕೇಳಿಯೇಬಿಟ್ಟಳು.

ಶರತ್ ತಲೆ ಎತ್ತಿದ. ಪ್ರಶ್ನೆ ಫೋನಿನೊಳಗೆ ಹೋಗಿ, ಉತ್ತರ ಹಿಂತಿರುಗಿತು. ಸುಟ್ಟರೆ ಉಳಿದದ್ದೆಲ್ಲ ಹೊಗೆಯಾಗಿ ಹೋಗುತ್ತದೆ, ಲೋಹ ಅಷ್ಟೂ ಕರಿಯಲ್ಲೇ ನಿಲ್ಲುತ್ತದೆ, ಆದ್ದರಿಂದ ಇನ್ನೂ ಗಟ್ಟಿಯಾಗುತ್ತದೆ. ನರ್ಸ್ ಬಜೆಯ ಒಣಗಿದ ಎಲೆಗಳನ್ನು ನೋಡಿದಳು, ಸಾಕಮ್ಮನನ್ನು ನೋಡಿದಳು. “ಇಲ್ಲಿ ಬೆಳೆದಿದ್ದು ಯಾವುದನ್ನಾದ್ರೂ ಮನೇಲಿ ಯಾರಾದ್ರೂ ತಿಂತೀರಾ, ಔಷಧಿಗೆ ಬಳಸ್ತೀರಾ ಅಂತ ಕೇಳ್ತಿದಾರೆ ಅಮ್ಮ,” ಎಂದಿತು ಫೋನು.

ಅನುಶ್ರೀ ಅಖಿಲನನ್ನು ಎದೆಗೆ ಅವಚಿಕೊಂಡಳು. ಶರತ್ ನೆಲ ನೋಡುತ್ತಿದ್ದ. “ಇಲ್ಲ,” ಎಂದಳು ಸಾಕಮ್ಮ. “ಅದು ಚಂದಕ್ಕೆ ಇರೋದು.”

ಆ ಹಾಸನದ ಹೆಂಗಸು ಏನೂ ಬಿಡದೆ, ಏನೂ ಸೇರಿಸದೆ, ಆ ಸುಳ್ಳನ್ನು ಇಂಗ್ಲಿಷಿನಲ್ಲಿ ಹೇಳಿದಳು. ನರ್ಸ್ ಬರೆದುಕೊಂಡಳು. ಮಗು ಹಿತ್ತಲಿನಲ್ಲಿ ಆಡಿ ಕೈ ಬಾಯಿಗೆ ಹಾಕಿರಬಹುದು, ಮೂಲೆಗೆ ಬೇಲಿ ಹಾಕಿ, ಚಪ್ಪಲಿ ಹೊರಗಿಡಿ, ತಿಂಗಳು ಬಿಟ್ಟು ಮತ್ತೆ ರಕ್ತ ನೋಡೋಣ, ಇಳಿಯುತ್ತದೆ ಎಂದು ಧೈರ್ಯ ಹೇಳಿದಳು. ಏನಾದರೂ ನೆನಪಾದರೆ ಕರೆಯಿರಿ ಎಂದು ಒಂದು ಚೀಟಿಯನ್ನು ಫ್ರಿಜ್ಜಿಗೆ ಅಂಟಿಸಿ ಹೋದಳು.

ಅವಳ ಕಾರು ತಿರುವು ದಾಟುವುದರೊಳಗೆ ಸಾಕಮ್ಮ ಗುಲ್ಶನ್‌ಗೆ ಫೋನ್ ಮಾಡಲು ಎದ್ದಳು. ಶರತ್ ಅಡ್ಡ ಬಂದ. ಅವನು ಗದರಲಿಲ್ಲ, ಗದರಿದ್ದರೆ ಎಷ್ಟೋ ವಾಸಿಯಿತ್ತು. ಕೈಮುಗಿದ. ಗುಲ್ಶನ್ ಡಾಕ್ಟರ ಬಳಿ ಓಡುತ್ತಾಳೆ, ಡಾಕ್ಟರು ಕೌಂಟಿಗೆ ಹೇಳುತ್ತಾರೆ, ಇದೇ ನರ್ಸ್ ಅವರ ಮನೆಗೂ ಹೋಗುತ್ತಾಳೆ, ಬಜೆ ಎಲ್ಲಿಂದ ಬಂತೆಂದು ಕೇಳುತ್ತಾಳೆ. ಕೊಟ್ಟಿದ್ದಕ್ಕಿಂತ ಸುಳ್ಳು ಹೇಳಿದ್ದು ದೊಡ್ಡದಾಗುತ್ತದೆ. “ಎರಡು ದಿನ ಕೊಡಿ ಅತ್ತೆ. ನಾನೇ ಅಹ್ಸಾನ್‌ಗೆ ಸಮಯ ನೋಡಿ ಹೇಳ್ತೀನಿ.” ಅನುಶ್ರೀ ಅಡಿಗೆಮನೆಯಲ್ಲಿ ನಿಂತು ಕೇಳಿಸಿಕೊಂಡಳು. ಅಳಿಯ ಕೈಮುಗಿದರೆ ಅತ್ತೆ ಏನು ಮಾಡಬೇಕು? ಸಾಕಮ್ಮ ಫೋನು ಕೆಳಗಿಟ್ಟಳು.

ಬುಧವಾರ ಒಂಬತ್ತಕ್ಕೆ ವಿಡಿಯೋ ಬಂತು. ಆಯತ್ ನಾಲಿಗೆ ಚಾಚಿದಳು, ಕಪ್ಪು ಚುಕ್ಕೆ ಎದ್ದು ಕಂಡಿತು. ಉತ್ತರ ಕಳಿಸದಿದ್ದರೆ ಏನಾಯಿತೆಂದು ಗುಲ್ಶನ್ ಕೂಡಲೇ ಕರೆಯುತ್ತಾಳೆ, ಕರೆದರೆ ಬಾಯಿ ನಿಲ್ಲುವುದಿಲ್ಲ. ಗುಂಡಿ ಒತ್ತಿ, ನೂರ್ಕಾಲ ಬಾಳು ನನ್ನ ಚಿನ್ನ, ಎಂದಳು. ಹೇಳಿ ಮುಗಿಸಿ ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದಳು. ಸಂಜೆ ಶರತ್ ಬಂದಾಗ ಅವನ ಮುಖ ನೋಡಿದಳು. ಅವನು ಬೇಲಿಗೆ ಅಳತೆ ತೆಗೆಯುವ ನೆಪದಲ್ಲಿ ಹಿತ್ತಲಿಗೆ ಹೋದ.

ಗುರುವಾರವೂ ಹಾಗೇ ಆಯಿತು. ಅಹ್ಸಾನ್ ಇಡೀ ದಿನ ಮೀಟಿಂಗಿನಲ್ಲಿದ್ದನಂತೆ. ಕೆಟ್ಟವನಾಗಿದ್ದರೆ ಸಾಕಮ್ಮ ಅಳಿಯನೊಂದಿಗೆ ಜಗಳವಾಡಿ ಗೆಲ್ಲುತ್ತಿದ್ದಳು. ಇವನು ಹೆದರಿದ್ದ, ಅಷ್ಟೆ. ರಾತ್ರಿಯೂಟವನ್ನೂ ಸರಿಯಾಗಿ ಮಾಡುತ್ತಿರಲಿಲ್ಲ. ಅವಳು ಲೆಕ್ಕ ಹಾಕುತ್ತ ಕೂತಳು. ಆಯತ್‌ಗೆ ಐದು ತಿಂಗಳು, ದಿನಕ್ಕೆ ಐದು ಸುತ್ತು. ತಿಂಗಳು ತುಂಬಿದರೆ ಆರು. ಸೀಸದ ಪರೀಕ್ಷೆ ಮಾಡುವುದು ಮಗುವಿಗೆ ವರ್ಷವಾದ ಮೇಲೆ, ಅಂದರೆ ಇನ್ನೂ ಏಳು ತಿಂಗಳು. ಏಳು, ಎಂಟು, ಒಂಬತ್ತು ಎಂದು ಸುತ್ತು ಏರುತ್ತಲೇ ಹೋಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ಮೂರು ಮಲಗುವ ಕೋಣೆಯ ಆ ಮನೆಯಲ್ಲಿ ಸಾಕಮ್ಮನಿಗೆ ಉಸಿರಾಡಲು ಜಾಗವಿಲ್ಲವೆನಿಸಿತು. ಕಿಟಕಿಗೆ ಹೋದರೆ ಆ ಮೂಲೆ ಕಾಣುತ್ತಿತ್ತು, ಹಜಾರಕ್ಕೆ ಬಂದರೆ ಫ್ರಿಜ್ಜಿನ ಮೇಲಿನ ಚೀಟಿ ಕಾಣುತ್ತಿತ್ತು.

ಶುಕ್ರವಾರದ ವಿಡಿಯೋದಲ್ಲಿ ಆಯತ್ ನಾಲಿಗೆ ಚಾಚಲಿಲ್ಲ, ಅಳುತ್ತಿದ್ದಳು. ಗುಲ್ಶನ್ ಬೆರಳಿನಿಂದ ತುಟಿ ಬಿಡಿಸಿ ಸವರಿದಳು. ಸಾಕಮ್ಮ ಗುಂಡಿ ಒತ್ತದೆ ಫೋನು ಕೆಳಗಿಟ್ಟಳು. ಐದು ನಿಮಿಷ ಕೋಣೆಯೊಳಗೇ ಶತಪಥ ತಿರುಗಿ, ಕೊನೆಗೆ ಒಂದು ಉಪಾಯ ಹೂಡಿ ಫೋನ್ ಮಾಡಿದಳು. ಚಳಿ ಶುರುವಾಯಿತಲ್ಲ, ಬಜೆ ಶೀತ ಮಾಡುತ್ತದೆ, ಬೇಸಿಗೆ ಬರುವವರೆಗೆ ನಿಲ್ಲಿಸಿಬಿಡು ಎಂದಳು.

ಗುಲ್ಶನ್ ನಕ್ಕಳು. “ಏನಮ್ಮಾ, ನನಗೆ ಪರೀಕ್ಷೆ ಮಾಡ್ತಿದೀರಾ? ವರ್ಷ ತುಂಬೋವರೆಗೂ ಒಂದು ದಿನಾನೂ ಬಿಡಬಾರದು, ಯಾರು ಹೇಳಿದ್ರೂ ಕೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ದು ನೀವೇ ಅಲ್ವಾ? ಬಜೆ ಉಷ್ಣ, ಶೀತಕ್ಕೆ ಒಳ್ಳೇದು ಅಂದಿದ್ದೂ ನೀವೇ. ನಾನು ಬಿಡಲ್ಲ.”

ಅದು ಹಾಗಲ್ಲ ಎಂದು ಸಾಕಮ್ಮ ತಡವರಿಸಿದಳು. ಗುಲ್ಶನ್‌ಗೆ ಹೇಳಲು ಬೇರೆಯೇ ವಿಷಯವಿತ್ತು. ಆಯತ್‌ಗೆ ನಾಲ್ಕು ದಿನದಿಂದ ಕಕ್ಕ ಸರಿಯಾಗಿ ಆಗುತ್ತಿಲ್ಲ, ಹೊಟ್ಟೆ ಹಿಡಿದು ಅಳುತ್ತಾಳೆ, ಹಾಲು ಕುಡಿಯುವುದೂ ಕಡಿಮೆಯಾಗಿದೆ. “ಅದಕ್ಕೇ ನೀವು ಹೇಳಿಕೊಟ್ಟ ಹಾಗೆ ಹೊಟ್ಟೆನೋವಿಗೆ ಒಂದು ಸುತ್ತು ಜಾಸ್ತಿ ಮಾಡಿದೀನಿ ಅಮ್ಮಾ. ಸಂಜೆಗೂ ಒಂದ್ಸಲ ಕೊಡ್ಲಾ?”

ಮಣ್ಣಿನ ವಿಷ ಹೊಟ್ಟೆ ಕಟ್ಟಿಸಿತ್ತೋ ಇಲ್ಲವೋ, ಸಾಕಮ್ಮನಿಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಇಷ್ಟೇ: ಆ ಮಗು ನೋವಿಗೆ ಅತ್ತಷ್ಟೂ ತಾಯಿ ಬಜೆ ತೇಯುತ್ತಾಳೆ, ತೇದಷ್ಟೂ ಅದು ಅಳುತ್ತದೆ. ಎಲ್ಲ ಬಾಗಿಲುಗಳನ್ನೂ ಮುಚ್ಚಿ ಚಿಲಕ ಹಾಕಿದವಳು ತಾನೇ. ಅಳಿಯನ ಮುಗಿದ ಕೈಗಳು ಕಣ್ಣೆದುರು ಬಂದವು, ಅಖಿಲನ ಮುಖ ಬಂತು. ಗೋಡೆ ಹಿಡಿದು ನೆಲದ ಮೇಲೆ ಕೂತಳು.

“ಗುಲ್ಶನ್, ಕೇಳು ತಾಯಿ. ಶೀತ ಅಂದಿದ್ದು ಸುಳ್ಳು. ನಮ್ಮ ಹಿತ್ತಲ ಮಣ್ಣಲ್ಲಿ ವಿಷ ಅದೆ. ಸೀಸ, ಪಾಷಾಣ. ಅದು ಬಜೆಗೂ ಏರಿಬುಟ್ಟದೆ. ಅಖಿಲನ ರಕ್ತದಲ್ಲೂ ಸಿಕ್ತು. ಇನ್ನೊಂದು ಸಲ ಕೊಡಬ್ಯಾಡ ಕಣಮ್ಮ. ಇವತ್ತೇ ಡಾಕ್ಟರ ಹತ್ರ ಹೋಗು, ರಕ್ತ ತೋರಿಸು.”

ಆ ಕಡೆ ನಲ್ಲಿಯ ನೀರು ಬೀಳುತ್ತಿತ್ತು. ಯಾರೋ ಅದನ್ನು ನಿಲ್ಲಿಸಿದರು. ಆಯತ್ ಅಳುವುದು ಕೇಳುತ್ತಿತ್ತು.

“ಯಾವತ್ತು ಗೊತ್ತಾಯ್ತು ನಿಮಗೆ?” ಎಂದಳು ಗುಲ್ಶನ್.

ಇಂದು ಬೆಳಿಗ್ಗೆ ಎಂದುಬಿಡಬಹುದಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. “ಮಂಗಳವಾರ,” ಎಂದಳು ಸಾಕಮ್ಮ.

ಗುಲ್ಶನ್ ಬೈಯಲಿಲ್ಲ. ಬುಧವಾರ, ಗುರುವಾರ ಎಂದು ಮೆಲ್ಲಗೆ, ಪಾಠ ಒಪ್ಪಿಸುವವಳಂತೆ ಅಂದಳು. ಆ ಎರಡು ದಿನ ಬಂದ ಆಶೀರ್ವಾದಗಳು ಅವಳ ಫೋನಿನಲ್ಲೇ ಇದ್ದವು. ಆಮೇಲೆ ಕರೆ ನಿಂತಿತು. ಸಾಕಮ್ಮ ಮತ್ತೆ ಮಾಡಿದಳು, ಎತ್ತಲಿಲ್ಲ.

ಅವಳು ಎದ್ದು ಫ್ರಿಜ್ಜಿನ ಬಳಿ ಹೋದಳು. ಚೀಟಿಯ ಮೇಲಿನ ಅಂಕಿಗಳನ್ನು ಒಂದೊಂದೇ ಬೆರಳಿಟ್ಟು ಒತ್ತಿದಳು. ಆ ಕಡೆ ಇಂಗ್ಲಿಷ್ ಸುರಿಯಿತು. “ಕನ್ನಡ,” ಎಂದಳು. ಮತ್ತೆ ಇಂಗ್ಲಿಷ್. “ಕನ್ನಡ,” ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು. ಸ್ವಲ್ಪ ಹೊತ್ತು ಹಾಡು ಬಂತು. ಆಮೇಲೆ ನಮಸ್ಕಾರ ಎಂದು ಒಂದು ದನಿ ಬಂತು. ಈ ಸಲ ಬೇರೆ ಹೆಂಗಸು. ಇರಲಿ ಎಂದುಕೊಂಡು ಸಾಕಮ್ಮ ಮೊದಲಿನಿಂದ ಹೇಳಿದಳು. ಬೇರು ಕಿತ್ತದ್ದು, ಸುಟ್ಟದ್ದು, ತಿಂಗಳಿಗೊಂದು ಸುತ್ತು ಕೊಟ್ಟದ್ದು, ಮಿಲ್ ಕ್ರೀಕ್‌ನ ಮಗುವಿಗೂ ಕೊಟ್ಟದ್ದು, ಮಂಗಳವಾರ ಸುಳ್ಳು ಹೇಳಿದ್ದು. “ಇದು ನನ್ನ ತಪ್ಪು. ಮಗಳು ಅಳಿಯಂದಲ್ಲ. ಮಗೂನ ಅವರಿಂದ ಕಿತ್ಕೋಬ್ಯಾಡಿ ಅಂತ ಹೇಳಿ,” ಎಂದಳು. ನರ್ಸಿನ ಉತ್ತರ ಬಂತು. ಅದಕ್ಕಾಗಿ ಯಾರೂ ಮಗುವನ್ನು ಕರೆದೊಯ್ಯುವುದಿಲ್ಲ ಅಮ್ಮ, ಉಳಿದ ಬೇರನ್ನು ಚೀಲದಲ್ಲಿ ಕಟ್ಟಿಡಿ, ನಾನು ಬಂದು ತೆಗೆದುಕೊಂಡು ಹೋಗುತ್ತೇನೆ, ಆ ಇನ್ನೊಂದು ಮಗುವಿನ ತಾಯಿಯ ನಂಬರು ಹೇಳಿ, ಈಗಲೇ ಫೋನ್ ಮಾಡುತ್ತೇನೆ.

ತಿರುಗಿದಾಗ ಅನುಶ್ರೀ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಮೀಟಿಂಗಿನ ಹೆಡ್‌ಫೋನು ಕೊರಳಿಗೆ ಜಾರಿತ್ತು. ಎಲ್ಲವನ್ನೂ ಕೇಳಿದ್ದಳು. “ಶರತ್‌ಗೆ ನಾನು ಹೇಳ್ತೀನಿ ಅಮ್ಮ,” ಎಂದಳು. ಆಮೇಲೆ ಅಲ್ಲೇ ಕೂತು ಅತ್ತಳು. ಮೂರು ದಿನದಿಂದ ಅವಳೂ ಬಾಯಿಗೆ ಬೀಗ ಹಾಕಿಕೊಂಡಿದ್ದವಳೇ.

ಶರತ್ ಸಂಜೆ ಬಂದ. ಅತ್ತೆ ಎಂದು ಕರೆಯಲಿಲ್ಲ. ಬೇಲಿಯ ಗೂಟಗಳನ್ನು ಒಂದೊಂದಾಗಿ ಹಿತ್ತಲಿಗೆ ಹೊತ್ತು ಹಾಕಿದ. ಅಹ್ಸಾನ್‌ಗೆ ಎರಡು ಸಲ ಫೋನ್ ಮಾಡಿದ, ಅವನೂ ಎತ್ತಲಿಲ್ಲ. ಈ ಮನೆಯಲ್ಲಿ ಇನ್ನು ತನ್ನ ಮಾತಿಗೆ ಬೆಲೆಯಿಲ್ಲ, ಇಲ್ಲಿಂದ ಹೋಗೋಣವೆಂದರೆ ತಾನೇ ಹೊರಟು ನಿಲ್ಲುವ ಶಕ್ತಿಯೂ ತನಗಿಲ್ಲ ಎಂದು ಸಾಕಮ್ಮನಿಗೆ ತಿಳಿದಿತ್ತು.

ಶನಿವಾರ ಬೆಳಿಗ್ಗೆ ಅವಳು ಬೇಗನೆ ಮಿಂದು, ಅಡಿಗೆಮನೆಯ ಮೇಜಿನ ಮುಂದೆ ಫೋನಿಟ್ಟುಕೊಂಡು ಕೂತಳು. ಎಂಟೂ ಮುಕ್ಕಾಲಾಯಿತು. ಒಂಬತ್ತಾಯಿತು. ಕೈ ತಾನಾಗಿ ಫೋನಿನತ್ತ ಹೋಯಿತು, ಹಿಂತೆಗೆದಳು. ಒಂಬತ್ತೂ ಕಾಲಾಯಿತು, ಒಂಬತ್ತೂವರೆಯಾಯಿತು. ಫೋನು ಸದ್ದು ಮಾಡಲಿಲ್ಲ. ಗುಲ್ಶನ್ ಇನ್ನು ಯಾವತ್ತೂ ಅಮ್ಮ ಎನ್ನುವುದಿಲ್ಲವೇನೋ ಎನಿಸಿತು. ಆಯತ್ ಇವತ್ತು ಬಜೆ ನೆಕ್ಕಿಲ್ಲ, ಎಂದು ಸಾಕಮ್ಮ ಬಾಯಿಬಿಟ್ಟು ತನಗೆ ತಾನೇ ಹೇಳಿಕೊಂಡಳು. ಸೆರಗಿನಿಂದ ಮುಖ ಒರೆಸಿಕೊಂಡು, ನಾಳೆಯೂ ಹೀಗೇ ಸುಮ್ಮನಿರಲಿ ಎಂದು ಆ ಫೋನಿಗೇ ಕೈಮುಗಿದಳು.